ಕಡವಿನ ಕಬ್ಬಿಣ

ಆ ಊರಿನಲ್ಲಿ ಬೆಳಗಾದರೆ ಮೊದಲು ಕಬ್ಬಿಣಕ್ಕೆ ನೀರು, ಆಮೇಲೆ ಮನುಷ್ಯರಿಗೆ.

ನಲವತ್ತು ಮನೆ, ನಲವತ್ತು ಅಂಗಳ, ಅಂಗಳಕ್ಕೊಂದು ಕಬ್ಬಿಣದ ತುಂಡು. ಒಂದು ಮನೆಯಲ್ಲಿ ಬೋಲ್ಟು, ಒಂದು ಮನೆಯಲ್ಲಿ ಬಳೆ, ಇನ್ನೊಂದು ಮನೆಯಲ್ಲಿ ಮೊಣಕೈಯಷ್ಟು ಉದ್ದದ ಹಿಡಿಕೆ. ಹೊಸಿಲು ತೊಳೆಯುವುದಕ್ಕೂ ಮುಂಚೆ ಮನೆಯ ಹೆಂಗಸು ಚೊಂಬು ಹಿಡಿದು ಬಂದು ಆ ತುಂಡಿನ ನೆತ್ತಿಗೆ ನೀರೆರೆದು, "ತುಕ್ಕೇ ಕಾಪಾಡು, ತುಕ್ಕೇ ಕಾಪಾಡು, ತುಕ್ಕೇ ಕಾಪಾಡು" ಎಂದು ಮೂರು ಸಲ ಹೇಳಬೇಕು. ಅದನ್ನು ತಿಕ್ಕಬಾರದು. ಒರೆಸಬಾರದು. ಎಣ್ಣೆ ಸೋಕಿಸಬಾರದು.

ಮಂಗಳವಾರ ಬೆರಳಿನವನು ಬರುತ್ತಿದ್ದ. ಅವನ ಹೆಗಲಿಗೆ ಮೊಳೆಯ ಚೀಲ, ಸೊಂಟಕ್ಕೆ ಸುತ್ತಿಗೆ. ಅಂಗಳಕ್ಕೆ ಬಂದವನು ಮಾತಾಡದೆ ಕೂತು, ಬಲಗೈಯ ತೋರುಬೆರಳಿನಿಂದ ಕಬ್ಬಿಣವನ್ನು ಒಮ್ಮೆ ಸವರಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಬೆರಳು ಕೆಂಪಾಗಿದ್ದರೆ ಎದ್ದು ಮುಂದಿನ ಮನೆಗೆ ಹೋಗುತ್ತಿದ್ದ. ಕೆಂಪಾಗದಿದ್ದರೆ ಆ ಮನೆಯವರನ್ನು ಒಳಗೆ ಕಳಿಸಿ ಬಾಗಿಲಿಗೆ ಹೊರಗಿನಿಂದ ಮೊಳೆ ಹೊಡೆಯಬೇಕು. ಹಾಗಾದದ್ದು ಒಂದೇ ಸಲ, ಗಾಣದವನ ಮನೆಗೆ. ಮೂರು ದಿನ ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳಿತು. ನಾಲ್ಕನೆಯ ದಿನ ನೋಡಿದರೆ ಹೆಂಚು ಸರಿದಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಅವರು ಎಲ್ಲಿಗೆ ಹೋದರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ನಲವತ್ತು ತುಂಡುಗಳೂ ಒಂದು ಕಾಲಕ್ಕೆ ಒಂದೇ ಯಂತ್ರವಾಗಿದ್ದವು. ಊರ ಮುಂದೆ ಹೊಳೆ. ಬಂಡೆಗಳ ನಡುವೆ ನುಗ್ಗುವ ನೀರು. ಈಜಿದವನಿಲ್ಲ, ಹುಟ್ಟು ಹಾಕಿ ದಾಟಿದವನಿಲ್ಲ. ಹೊಳೆ ದಾಟುವ ಕಡವಿನಲ್ಲಿ ಸರಪಳಿ ಕಟ್ಟಿದ ದೊಡ್ಡ ತೆಪ್ಪವೊಂದಿತ್ತು. ಈ ದಡಕ್ಕೊಂದು ಯಂತ್ರ, ಆ ದಡಕ್ಕೊಂದು ಯಂತ್ರ. ತೆಪ್ಪ ಈ ಕಡೆ ಬರಬೇಕಾದರೆ ಈ ಕಡೆಯವರು ಹಿಡಿಕೆ ತಿರುಗಿಸಿ ಎಳೆದುಕೊಳ್ಳಬೇಕು, ಆ ಕಡೆ ಹೋಗಬೇಕಾದರೆ ಆ ಕಡೆಯವರು ಎಳೆದುಕೊಳ್ಳಬೇಕು. ಕರೆಸಿಕೊಳ್ಳದೆ ಯಾರೂ ಬರುವ ಹಾಗಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಒಂದು ದಿನ, ತೆಪ್ಪ ಆ ದಡದಲ್ಲಿದ್ದಾಗ, ಅಲ್ಲಿ ಜ್ವರ ಬಂದಿದೆ ಎಂದು ಅದಕ್ಕೂ ಮುಂಚೆ ದಾಟಿ ಬಂದವರಿಂದ ಸುದ್ದಿ ತಿಳಿಯಿತು. ಹಿರಿಯರು ಕೂತು ಮಾತಾಡಿ ಯಂತ್ರವನ್ನು ಬಿಚ್ಚಿಸಿದರು. "ಮೂರು ದಿನ, ಅಷ್ಟೇ" ಎಂದರು. ಮತ್ತೆ ಯಾರೂ ಆಸೆಗೆ ಬಿದ್ದು ಜೋಡಿಸದಿರಲಿ ಎಂದು ಮನೆಗೊಂದು ತುಂಡು ಹಂಚಿದರು. ಆ ದಿನ ಕೆಲಸಕ್ಕೆ, ಸಂತೆಗೆ, ನೆಂಟರ ಮನೆಗೆ ಎಂದು ಆ ದಡಕ್ಕೆ ಹೋದವರು ಅಲ್ಲೇ ಉಳಿದರು. ಪ್ರತಿ ಮನೆಯಿಂದಲೂ ಒಬ್ಬರಾದರೂ ಹೋಗಿದ್ದರು. ಮೂರು ದಿನ ಮೂರು ವರ್ಷವಾಯಿತು, ಮೂರು ವರ್ಷ ಮೂವತ್ತಾಯಿತು. ತುಂಡುಗಳು ತುಕ್ಕು ಹಿಡಿದು ಮತ್ತೆ ಕೂಡದಿರಲಿ ಎಂದು ನೀರೆರೆಯುವ ಕಟ್ಟಳೆ ಮಾಡಿದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಚೊಂಬಿನ ನೀರು ಮಾತ್ರ ಉಳಿಯಿತು.

ಬಟ್ಟೆ ಒಗೆಯುವವಳ ಅಂಗಳದಲ್ಲಿದ್ದದ್ದು ಹಲ್ಲಿನ ಚಕ್ರ. ರೊಟ್ಟಿಯ ಹೆಂಚಿನಷ್ಟು ಅಗಲ. ಹಲ್ಲುಗಳ ಸಂದು ತುಂಬಿಹೋಗಿ ಅದೀಗ ಕೆಂಪು ಬೆಲ್ಲದ ಅಚ್ಚಿನ ಹಾಗೆ ಕಾಣುತ್ತಿತ್ತು. ಅವಳ ಅವ್ವ ಆ ದಿನ ಮದುವೆ ಮನೆಯ ಬಟ್ಟೆಯ ಗಂಟು ಹೊತ್ತು ತೆಪ್ಪ ಹತ್ತಿದ್ದಳು. ಆಗ ಇವಳಿಗೆ ಒಂಬತ್ತು ವರ್ಷ. ಆ ದಡದಲ್ಲಿ ಮನುಷ್ಯರ ಮುಖ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಮಾತು ಕೇಳುವುದಿಲ್ಲ. ಆದರೆ ಒಗೆಯುವ ಕಲ್ಲಿನ ಸದ್ದು ನೀರಿನ ಮೇಲೆ ಹಾದುಬರುತ್ತದೆ. ಎರಡು ಬಡಿತ, ಒಂದು ತಡೆ, ಮತ್ತೊಂದು ಬಡಿತ. ಹಾಗೆ ಒಗೆಯುತ್ತಿದ್ದವಳು ಅವ್ವ ಒಬ್ಬಳೇ. ಇವಳೂ ಈ ಕಡೆಯಿಂದ ಹಾಗೇ ಒಗೆಯುತ್ತಿದ್ದಳು. ಮೂವತ್ತು ವರ್ಷ ತಾಯಿ ಮಗಳು ಆಡಿದ ಮಾತು ಅದಷ್ಟೇ.

ಒಂದು ಬೆಳಿಗ್ಗೆ ಆ ಕಡೆಯಿಂದ ಎರಡು ಬಡಿತ ಕೇಳಿತು. ತಡೆಯೂ ಆಯಿತು. ಮೂರನೆಯದು ಬರಲಿಲ್ಲ.

ಅವಳು ಹಸಿ ಸೀರೆಯನ್ನು ಎತ್ತಿದ ಕೈ ಎತ್ತಿದಂತೆಯೇ ನಿಂತಳು. ನೀರು ತೋಳಿನಿಂದ ಇಳಿದು ಕಂಕುಳಿಗೆ ಬಂತು. ಬಹಳ ಹೊತ್ತಾದ ಮೇಲೆ ಆ ಕಡೆ ಒಂದು ಬಡಿತ ಬಿತ್ತು, ಮೆತ್ತಗೆ, ಯಾರೋ ಅಂಗೈಯಿಂದ ಕಲ್ಲು ತಟ್ಟಿದ ಹಾಗೆ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

ಮೂರನೆಯ ದಿನ ಅವಳು ಒದ್ದೆ ಸೆರಗಿನಲ್ಲೇ ಬ್ಯಾಟರಿ ಅಜ್ಜನ ಬಳಿಗೆ ಹೋದಳು. ಅವನದು ಕಾಲುವೆಯ ಪಕ್ಕದ ಗುಡಿಸಲು. ಕಾಲುವೆಗೆ ಚಕ್ರ ಕಟ್ಟಿ, ಡೈನಮೊ ತಿರುಗಿಸಿ, ಊರವರ ಬ್ಯಾಟರಿಗಳಿಗೆ ಚಾರ್ಜು ತುಂಬಿಸಿ ಕೊಡುವುದು ಅವನ ಕಸುಬು.

"ಅಜ್ಜಾ, ತಿಕ್ಕದೆ, ಕೆರೆಯದೆ, ಸದ್ದಿಲ್ಲದೆ ತುಕ್ಕು ಬಿಡಿಸೋಕೆ ಆಗುತ್ತಾ?" ಎಂದು ಅವಳು ಕೇಳಿದಳು.

ಅಜ್ಜ ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಅವಳ ಕಡೆ ನೋಡಿದ.

"ಈ ಮಾತು ಕೇಳೋರು ಬರ್ತಾರೆ ಅಂತ ಮೂವತ್ತು ವರ್ಷ ಕಾದೆ ಕೂಸೇ. ನಾನಾಗೇ ಹೇಳೋಕೆ ಎದೆ ಇರಲಿಲ್ಲ. ಕೂತ್ಕೋ."

ಅವನು ಪಿಸುಮಾತಿನಲ್ಲಿ ಹೇಳಿದ, ಅವಳು ತುಟಿ ಅಲ್ಲಾಡಿಸುತ್ತ ಕಲಿತಳು. ಕಲ್ಲಿನ ಬಾನಿಯಲ್ಲಿ ನೀರು ತುಂಬು. ಬಟ್ಟೆ ಸೋಡ ಹಾಕಿ ಕದಡು. ಉಪ್ಪು ಹಾಕಬೇಡ, ಹಾಕಿದರೆ ವಿಷದ ಗಾಳಿ ಏಳುತ್ತದೆ. ಒಂದು ಕಡೆ ತುಕ್ಕಿನ ಕಬ್ಬಿಣ ಇಳಿಬಿಡು, ಇನ್ನೊಂದು ಕಡೆ ತುಕ್ಕಿಲ್ಲದ ಕಬ್ಬಿಣ. ತುಕ್ಕಿನದು ಪಡೆಯುವುದು, ತುಕ್ಕಿಲ್ಲದ್ದು ಸವೆಯುತ್ತ ಕೊಡುವುದು. ಹೊಳೆಯುವ ಸ್ಟೀಲು ಬೇಡ, ಅದೂ ವಿಷ. ಒಂದಕ್ಕೊಂದು ತಾಗಕೂಡದು.

"ಕೆಂಪು ತಂತಿ ಕೊಡೋ ಕಬ್ಬಿಣಕ್ಕೆ, ಕಪ್ಪು ತಂತಿ ಪಡೆಯೋ ಕಬ್ಬಿಣಕ್ಕೆ. ಅದಲು ಬದಲಾದರೆ ಯಾವುದನ್ನು ಉಳಿಸಬೇಕು ಅಂತಿದ್ದೀಯೋ ಅದನ್ನೇ ನೀರು ತಿಂದುಹಾಕುತ್ತೆ. ಹೇಳು ನೋಡೋಣ."

"ಕೆಂಪು ಕೊಡೋದಕ್ಕೆ. ಕಪ್ಪು ಪಡೆಯೋದಕ್ಕೆ."

"ಗುಳ್ಳೆ ಏಳುತ್ತೆ. ಆ ಗುಳ್ಳೆಗೆ ಕಿಡಿ ಸೋಕಿದರೆ ಬಾನಿಯೂ ಇಲ್ಲ, ನೀನೂ ಇಲ್ಲ. ಬಯಲಲ್ಲಿಡು. ಒಲೆ, ದೀಪ ದೂರ ಇರಲಿ. ತಂತಿ ಬ್ಯಾಟರಿಗೆ ಕೂಡಿಸೋದು ಕೊನೇಲಿ, ಬಿಚ್ಚೋದು ಮೊದಲು." ಅಜ್ಜ ಒಂದು ಬ್ಯಾಟರಿಯನ್ನೂ ತಂತಿಗಳನ್ನೂ ಅವಳ ಮುಂದೆ ಇಡುತ್ತ ಹೇಳಿದ: "ಇನ್ನೊಂದು. ತುಕ್ಕಿನ ಮೇಲೆ ತಂತಿ ಕಚ್ಚಿಸಿದರೆ ಕರೆಂಟು ಹೋಗಲ್ಲ. ಉಗುರಿನಷ್ಟು ಜಾಗ ನೀನು ಕೈಯಾರೆ ಕೆರೀಲೇಬೇಕು. ಅದೊಂದು ತಪ್ಪಿಸೋಕಾಗಲ್ಲ."

ಅವಳು ಬ್ಯಾಟರಿಯನ್ನು ಮೈಲಿಗೆ ಬಟ್ಟೆಯ ಗಂಟಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಊರಿನ ನಟ್ಟನಡುವೆ ನಡೆದುಬಂದಳು. ಯಾರೂ ಕೇಳಲಿಲ್ಲ. ಒಗೆಯುವವಳ ತಲೆಯ ಮೇಲೆ ಗಂಟಿರುವುದು ಊರಿಗೆ ಹೊಸದಲ್ಲ.

ಹಿತ್ತಲ ಬಾನಿಯಲ್ಲಿ ಸೋಡದ ನೀರು ಸಿದ್ಧವಾಯಿತು. ಕೊಡುವ ಕಬ್ಬಿಣಕ್ಕೆ ಅವಳ ಬಳಿ ಇದ್ದದ್ದು ಇಸ್ತ್ರಿ ಪೆಟ್ಟಿಗೆ ಒಂದೇ. ದಿನಾ ಬಿಸಿಯಾಗಿ ದಿನಾ ಬಟ್ಟೆಯ ಮೇಲೆ ಓಡಾಡಿದ್ದರಿಂದ ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ಅದರ ಬುಡದ ದಪ್ಪ ಹಲಗೆಯನ್ನು ಬಿಚ್ಚಿ ಕೆಂಪು ತಂತಿ ಕಟ್ಟಿದಳು. ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಒಡೆದ ಹಂಚಿನ ಚೂರು ಕೈಗೆತ್ತಿಕೊಂಡಳು. ಉಗುರಿನಷ್ಟು ಜಾಗ. ಮೊದಲ ಸಲ ಕೆರೆದಾಗ ಬಂದ ಕರ್ರ್ ಎಂಬ ಸದ್ದಿಗೆ ಅವಳ ಹಲ್ಲು ಜುಮ್ಮೆಂದಿತು. ಊರೆಲ್ಲ ಕೇಳಿಸಿಕೊಂಡಿತೇನೋ ಎನಿಸಿತು. ಚೂರು ಹಿಡಿದುಕೊಂಡೇ ಹಿತ್ತಲ ಬಾಗಿಲ ಕಡೆ ಕಿವಿಗೊಟ್ಟಳು. ಯಾರೂ ಬರಲಿಲ್ಲ. ಮತ್ತೆ ಕೆರೆದಳು. ಕೆಂಪಿನ ಕೆಳಗೆ ಕಂದು, ಕಂದಿನ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಒಂದು ಹೊಳಪು.

ಕೆಂಪು ಕೊಡೋದಕ್ಕೆ, ಕಪ್ಪು ಪಡೆಯೋದಕ್ಕೆ. ಮೂರು ಸಲ ಹೇಳಿಕೊಂಡು ತಂತಿ ಕೂಡಿಸಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಚಕ್ರದ ಮೈಯಿಂದ ಸಾಸಿವೆಯಂಥ ಗುಳ್ಳೆಗಳು ಎದ್ದವು. ನೋಡುತ್ತಿದ್ದಂತೆ ಗುಳ್ಳೆಗಳು ಸಾಲಾದವು, ಸಾಲು ಪರದೆಯಾಯಿತು, ನೀರಿನ ಮೇಲೆ ಕಂದು ನೊರೆ ಕಟ್ಟಿತು. ಬಾನಿ ಸಣ್ಣಗೆ ಹಿಸ್ಸೆನ್ನುತ್ತಿತ್ತು. ಅವಳು ದೂರದಲ್ಲಿ ಕೂತು, ಅಂದು ಇಡೀ ಹಗಲು ಒಲೆ ಹಚ್ಚದೆ, ತಂಗಳು ತಿಂದು ಕಾದಳು. ಇಸ್ತ್ರಿ ಹಲಗೆಗೆ ಎದುರಾದ ಮಗ್ಗುಲು ಮಾತ್ರ ಶುದ್ಧವಾಗುವುದನ್ನು ಕಂಡು, ತಂತಿ ಬಿಚ್ಚಿ ಚಕ್ರವನ್ನು ತಿರುಗಿಸಿಟ್ಟು ಮತ್ತೆ ತಂತಿ ಕೂಡಿಸಿದಳು. ಸಂಜೆಯ ಹೊತ್ತಿಗೆ ಎತ್ತಿದರೆ ಕಪ್ಪು ಕೆಸರು. ತೆಂಗಿನ ನಾರಿನಿಂದ ತಿಕ್ಕಿದಾಗ ಕೆಸರು ಜಾರಿ, ಹಲ್ಲುಗಳು ಒಂದೊಂದಾಗಿ ಹೊರಬಂದವು. ಇಪ್ಪತ್ತನಾಲ್ಕು ಹಲ್ಲು. ಒಂದೂ ಮುರಿದಿರಲಿಲ್ಲ.

ಅವಳು ಅದನ್ನು ನೋಡುತ್ತಿದ್ದ ಹಾಗೆಯೇ ಹಲ್ಲುಗಳ ತುದಿಯಲ್ಲಿ ಹೊಸ ಕೆಂಪು ಮೂಡತೊಡಗಿತು. ಗಾಳಿ ಮೂವತ್ತು ವರ್ಷದ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಅವಳು ಓಡಿಹೋಗಿ ತಲೆಗೆ ಹಚ್ಚುವ ಹರಳೆಣ್ಣೆಯ ಬಾಟಲಿ ತಂದು ಚಕ್ರದ ಮೇಲೆ ಸುರಿದಳು.

ಮಂಗಳವಾರ ಬಂತು. ಚಕ್ರಕ್ಕೆ ಎಣ್ಣೆಯ ಮೇಲೆ ಇಟ್ಟಿಗೆಯ ಪುಡಿ ಮೆತ್ತಿ ಅಂಗಳದಲ್ಲಿ ಇಟ್ಟಿದ್ದಳು. ಬೆರಳಿನವನು ಕೂತ. ಸವರಿದ. ಬಿಸಿಲಿಗೆ ಹಿಡಿದ. ಬೆರಳು ಕೆಂಪಾಗಿತ್ತು. ಅವನು ಏಳಲಿಲ್ಲ. ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದ. ತುಕ್ಕಿಗೆ ರಕ್ತದ ವಾಸನೆ. ಇಟ್ಟಿಗೆಗೆ ಮಣ್ಣಿನ ವಾಸನೆ. ಅವನು ಅವಳ ಮುಖ ನೋಡದೆ ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದುಹೋದ.

ಅವನು ಊರಿಗೆ ಹೇಳುತ್ತಾನೋ ಬಿಡುತ್ತಾನೋ, ಇವತ್ತೋ ನಾಳೆಯೋ? ಮೊಳೆ ಹೊಡೆಯುವ ಸದ್ದನ್ನು ಕಾಯುತ್ತ ಅವಳು ಎರಡು ದಿನ ಕಳೆದಳು. ಸದ್ದು ಕೇಳಲಿಲ್ಲ. ಗುರುವಾರ ಪಕ್ಕದ ಮನೆಯ ರೊಟ್ಟಿ ತಟ್ಟುವವಳು ಒಗೆಯಲು ಬಟ್ಟೆ ತಂದುಕೊಟ್ಟಳು. ಗಂಟು ಕೈಗೆ ಬಂದಾಗ ಭುಜ ಜಗ್ಗಿತು.

"ಅಕ್ಕಾ, ಇದೇನು ಇಷ್ಟು ಭಾರ?"

"ಗೋಡೆ ಮೇಲಿಂದ ನೋಡಿದೆ ತಂಗಿ," ಎಂದು ಆಕೆ ಅತ್ತಿತ್ತ ನೋಡಿ ಹೇಳಿದಳು. "ನೀನು ಏನು ಮಾಡ್ತಿದ್ದೀಯ ಅಂತ ಗೊತ್ತಾಯ್ತು. ನನ್ನ ಗಂಡ ಆ ದಡದಲ್ಲಿದ್ದಾನೆ. ಮದುವೆಯಾಗಿ ಹನ್ನೊಂದು ದಿನ ಆಗಿತ್ತು. ಇದನ್ನೂ ಚೆನ್ನಾಗಿ ಒಗೆದುಕೊಡು."

ಸೀರೆಗಳ ನಡುವೆ ಯಂತ್ರದ ಹಿಡಿಕೆ ಇತ್ತು.

ಮರುದಿನ ಎರಡು ಗಂಟು ಭಾರವಾಗಿದ್ದವು. ಅದರ ಮರುದಿನ ಐದು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. "ಬಟ್ಟೆ ಇದೆ" ಎಂದಷ್ಟೇ ಹೇಳಿ ಗಂಟು ಕೊಟ್ಟು ಹೋದರು. ಗಾಣದವನ ಖಾಲಿ ಮನೆಯ ತುಂಡನ್ನು ಯಾರು ತಂದರೋ, ಅದೂ ಒಂದು ಬೆಳಿಗ್ಗೆ ಬಾಗಿಲಲ್ಲಿತ್ತು. ಅವಳು ಒಂದೊಂದನ್ನೇ ಬಾನಿಗಿಳಿಸಿದಳು, ತಿರುಗಿಸಿದಳು, ಎತ್ತಿದಳು, ತಿಕ್ಕಿದಳು, ಎಣ್ಣೆ ಹಚ್ಚಿದಳು, ಇಟ್ಟಿಗೆಪುಡಿ ಮೆತ್ತಿ ಒಗೆದ ಬಟ್ಟೆಯಲ್ಲಿ ಸುತ್ತಿ ವಾಪಸು ಕೊಟ್ಟಳು. ಮಂಗಳವಾರಗಳು ಬಂದವು, ಹೋದವು. ಬೆರಳಿನವನು ಸವರಿದ, ಮೂಸಿದ, ಎದ್ದುಹೋದ.

ಆ ದಡದ ಬಡಿತ ದಿನದಿನಕ್ಕೆ ತಡವಾಗುತ್ತಿತ್ತು. ಇತ್ತ ಇಸ್ತ್ರಿ ಹಲಗೆ ಕರಗುತ್ತಿತ್ತು. ಅಂಗೈಯಷ್ಟಾಯಿತು, ಎಲೆಯಷ್ಟು ತೆಳುವಾಯಿತು, ಕೊನೆಗೆ ತೂತು ತೂತಾದ ಜಾಲರಿಯಾಗಿ ತಂತಿಯಿಂದ ಕಳಚಿ ತಳಕ್ಕೆ ಬಿತ್ತು. ಮೂವತ್ತೊಂಬತ್ತು ತುಂಡು ಆಗಿದ್ದವು. ಉಳಿದದ್ದು ಒಂದು, ಚಕ್ರವನ್ನು ಹೊತ್ತು ತಿರುಗುವ ನಡು ಅಚ್ಚು. ಅದು ಊರಮುಂದಿನ ಕಟ್ಟೆಯ ಪಕ್ಕದ ಮನೆಯದು; ಇಬ್ಬರು ಹೆಂಗಸರು ಜಮಖಾನದಲ್ಲಿ ಸುತ್ತಿ ಹೊತ್ತುತಂದಿದ್ದರು. ಅದು ಬಾನಿಯಲ್ಲಿ ಅರ್ಧ ಕೆಂಪು ಅರ್ಧ ಕಪ್ಪಾಗಿ ನಿಂತಿತ್ತು. ಊರೆಲ್ಲ ಹುಡುಕಿದರೂ ತುಕ್ಕಿಲ್ಲದ ಕಬ್ಬಿಣ ಸಿಗಲಿಲ್ಲ. ದಿನಾ ನೀರೆರೆಯುವ ಊರಿನಲ್ಲಿ ಕುಡುಗೋಲಿನಿಂದ ಹಿಡಿದು ಬಾಗಿಲ ಚಿಲಕದ ತನಕ ಎಲ್ಲಕ್ಕೂ ತುಕ್ಕು ಹಬ್ಬಿತ್ತು.

ಹಲಗೆಯ ಕೊನೆಯ ಚೂರನ್ನು ಮತ್ತೆ ತಂತಿಗೆ ಕಟ್ಟಿ, ಏಳುವ ನಾಲ್ಕು ಗುಳ್ಳೆಯನ್ನೇ ನೋಡುತ್ತ ಅವಳು ಕೂತಿದ್ದಾಗ ಹಿತ್ತಲ ಬಾಗಿಲು ತೆರೆಯಿತು. ಬೆರಳಿನವನು ನಿಂತಿದ್ದ. ಅಂದು ಮಂಗಳವಾರವಲ್ಲ. ಹೆಗಲಲ್ಲಿ ಮೊಳೆಯ ಚೀಲ, ಕೈಯಲ್ಲಿ ಸುತ್ತಿಗೆ, ತುಟಿಯಲ್ಲಿ ಉರಿಯುವ ಬೀಡಿ.

ಅವನು ಬಾನಿಯ ಕಡೆಗೆ ಒಂದು ಹೆಜ್ಜೆ ಇಟ್ಟ. ಬಾಗಿ ನೋಡಲು ಹೊರಟ.

"ಬೀಡಿ ಆರಿಸಿ!"

ಆ ಊರಿನಲ್ಲಿ ಅವನ ಮೇಲೆ ಯಾರೂ ದನಿ ಎತ್ತಿದ್ದಿಲ್ಲ. ಅವನು ಎತ್ತಿದ ಕಾಲಿನಲ್ಲೇ ನಿಂತ.

"ಆರಿಸಿ ದೊಡ್ಡಯ್ಯ! ಇನ್ನೊಂದು ಹೆಜ್ಜೆ ಇಟ್ಟರೆ ಇಬ್ಬರೂ ಸುಟ್ಟುಹೋಗ್ತೀವಿ. ಹಿಂದೆ ಹೋಗಿ, ಹಿಂದೆ!"

ಅವನು ಹಿಂದೆ ಹಿಂದೆ ಹೋಗಿ, ಹೊಸಿಲಾಚೆ ಬೀಡಿಯನ್ನು ಚಪ್ಪಲಿಯಿಂದ ಹೊಸಕಿ ಬಂದ. ಅವಳು ತಂತಿ ಬಿಚ್ಚಿ, ಬಾನಿಗೆ ಅಡ್ಡವಾಗಿ ನಿಂತಳು.

"ಮೊಳೆ ಹೊಡೆಯೋಕೆ ಬಂದಿದ್ದರೆ ನಾಳೆ ಹೊಡೀರಿ. ಇದೊಂದು ಮುಗಿಸ್ತೀನಿ. ಆಮೇಲೆ ನಾನೇ ಒಳಗೆ ಹೋಗಿ ಕೂರ್ತೀನಿ."

ಅವನು ಕೆಳಗೆ ಕೂತ. ಹತ್ತಿರದಿಂದ ನೋಡಿದರೆ ಅವನು ಬಹಳ ಮುದುಕನಾಗಿದ್ದ.

"ಮೊದಲನೇ ವಾರವೇ ಗೊತ್ತಾಗಿತ್ತು ನನಗೆ," ಎಂದ. "ಮನೆಮನೆಯಲ್ಲೂ ಇಟ್ಟಿಗೆ ವಾಸನೆ. ಒಂದೊಂದು ಮನೆ ಬಿಟ್ಟು ಬಂದಾಗಲೂ, ಮುಂದಿನ ಮನೆಯಲ್ಲೂ ಅದೇ ಇರಲಿ ಅಂತ ಹೋಗ್ತಿದ್ದೆ."

"ಹಾಗಾದರೆ ಯಾಕೆ ಏನೂ ಹೇಳಲಿಲ್ಲ?"

"ಏನಂತ ಹೇಳಲಿ? ಈ ಕೈ ಯಾವುದು ಗೊತ್ತೇನು ನಿನಗೆ? ಕಡವಿನ ಹಿಡಿಕೆ ತಿರುಗಿಸ್ತಿದ್ದ ಕೈ. ಯಂತ್ರ ಬಿಚ್ಚು ಅಂತ ಹಿರಿಯರು ಹೇಳಿದಾಗ, ಸರಪಳಿ ಅಲುಗಾಡ್ತಿತ್ತು. ಆ ಕಡೆಯವರು ಎಳೀರಿ ಎಳೀರಿ ಅಂತ ಜಗ್ಗುತ್ತಿದ್ದರು. ನಾನು ಬಿಚ್ಚಿದೆ. ನನ್ನ ತಮ್ಮ ತೆಪ್ಪದ ಮೇಲಿದ್ದ." ಅವನು ತೋರುಬೆರಳನ್ನು ಎತ್ತಿ ನೋಡಿಕೊಂಡ. "ಚೆನ್ನಾಗಿ ಬಿಚ್ಚೋಕೆ ಬರುತ್ತೆ ಅಂತ ಕಾವಲಿಗೂ ನನ್ನನ್ನೇ ಇಟ್ಟರು. ಗಾಣದವನು ಎಣ್ಣೆ ಹಚ್ಚಿದಾಗ ಮೊಳೆ ಹೊಡೆದವನೂ ನಾನೇ."

ಗಾಣದವನ ಬಾಗಿಲ ಬಡಿತ ಅವಳೂ ಕೇಳಿದ್ದಳು. ಅವಳೂ ಹೋಗಿ ತೆಗೆದಿರಲಿಲ್ಲ.

ಅವನು ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದ. ಗೇಣುದ್ದದ ಮೊಳೆಗಳು, ನೂರಾರು, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ಒಂದಕ್ಕೂ ತುಕ್ಕಿರಲಿಲ್ಲ. ಪಕ್ಕದಲ್ಲಿ ಸುತ್ತಿಗೆಯ ತಲೆಯನ್ನು ಅದರ ಮರದ ಕಾವಿನಿಂದ ಕಳಚಿಟ್ಟ.

"ಊರಲ್ಲಿ ತುಕ್ಕಿಲ್ಲದ ಕಬ್ಬಿಣ ಇದೊಂದೇ. ಕೆಂಪು ತಂತಿಗೆ ಕಟ್ಟು ಮಗಳೇ."

ಇಬ್ಬರೂ ಕೂತು ಮೊಳೆಗಳನ್ನು ತಂತಿಯಿಂದ ಕಂತೆ ಕಟ್ಟಿದರು. ಸುತ್ತಿಗೆಯ ತಲೆಯನ್ನು ನಡುವೆ ಇಳಿಬಿಟ್ಟರು. ತಂತಿ ಕೂಡಿಸುತ್ತಲೇ ಬಾನಿ ಮೊದಲ ದಿನಕ್ಕಿಂತ ಜೋರಾಗಿ ಹಿಸ್ಸೆಂದಿತು. ಎರಡು ಹಗಲು ಮೊಳೆಗಳು ಸವೆದವು, ದಬ್ಬಳವಾದವು, ಸೂಜಿಯಾದವು, ಕೆಸರಾದವು. ಎರಡನೆಯ ಸಂಜೆ ಅಚ್ಚು ಹೊರಬಂತು.

ಮರುದಿನ ಬೆಳಿಗ್ಗೆ ಯಾವ ಮನೆಯಲ್ಲೂ ನೀರೆರೆಯಲಿಲ್ಲ. ನಲವತ್ತು ತುಂಡುಗಳು ಹೊಳೆಯ ದಂಡೆಗೆ ಬಂದವು. ಕೆಲವರು ತಂದರು, ಕೆಲವರು ತಂದು ಅಲ್ಲೇ ಇಟ್ಟು ಮನೆಗೆ ಓಡಿ ಬಾಗಿಲು ಹಾಕಿಕೊಂಡರು. ನಿಂತವರಲ್ಲಿ ಹಲವರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. "ಜ್ವರ ಬಂದರೆ?" ಎಂದು ಒಬ್ಬ ಕೂಗಿದ. "ಆ ಕಡೆಯವರು ಕತ್ತಿ ಹಿಡಿದು ಬಂದರೆ?" ಎಂದು ಇನ್ನೊಬ್ಬ. ಬೆರಳಿನವನು ಜೋಡಿಸುತ್ತ ಹೋದ. ಹಳೆಯ ಎರಡು ಕಲ್ಲುಕಂಬಗಳ ನಡುವೆ ಅಚ್ಚು ಕೂತಿತು, ಅಚ್ಚಿಗೆ ಚಕ್ರ, ಚಕ್ರ ಹಿಂದಕ್ಕೆ ತಿರುಗದಂತೆ ಹಲ್ಲಿಗೆ ಕಚ್ಚುವ ತಡೆಗೂಟ, ಕೊನೆಯಲ್ಲಿ ಹಿಡಿಕೆ. ಕಲ್ಲಿಗೆ ಬಿಗಿದಿದ್ದ ಸರಪಳಿಯ ತುದಿಯನ್ನು ತಂದು ಸುತ್ತಿದ.

ಆ ಬೆಳಿಗ್ಗೆ ಆ ದಡದಿಂದ ಒಂದು ಬಡಿತವೂ ಕೇಳಿರಲಿಲ್ಲ. ಒಗೆಯುವವಳು ಹಿಡಿಕೆಯ ಒಂದು ತುದಿ ಹಿಡಿದಳು, ಬೆರಳಿನವನು ಇನ್ನೊಂದು. ಹಿಡಿಕೆ ಅಲುಗಲಿಲ್ಲ. ರೊಟ್ಟಿ ತಟ್ಟುವವಳು ಬಂದು ಕೈಹಾಕಿದಳು. ಮೂವರ ಭಾರಕ್ಕೆ ಯಂತ್ರ ನರಳಿತು, ಒಂದು ಹಲ್ಲು ಮುಂದೆ ಹೋಗಿ ಟಕ್ ಎಂದಿತು. ಮತ್ತೊಂದು ಟಕ್. ಹೊಳೆಯ ತಳದಿಂದ ಸರಪಳಿ ಕರಿ ಕೆಸರು ಸುರಿಸುತ್ತ ಮೇಲೆದ್ದಿತು, ಬಿಗಿಯಾಯಿತು, ಅಲ್ಲೇ ನಿಂತಿತು. ಕಡಿದೇಹೋಗುತ್ತದೆ ಎಂದು ಜನ ಹಿಂದೆ ಸರಿದರು. ಆಗ ಆ ಕಡೆ ಏನೋ ಸಡಿಲಾಯಿತು. ಹಿಡಿಕೆ ಇದ್ದಕ್ಕಿದ್ದಂತೆ ಹಗುರಾಯಿತು.

ಮಂಜಿನೊಳಗಿಂದ ತೆಪ್ಪ ಬಂತು. ಮರಕ್ಕೆ ಹೊಸ ಕೀಲೆಣ್ಣೆಯ ಹೊಳಪು. ತೆಪ್ಪದ ಬಳೆಗಳು, ಅದರ ಹತ್ತಿರದ ಸರಪಳಿ, ಎಲ್ಲವೂ ಎಣ್ಣೆ ಕುಡಿದು ನವಿಲುಗಣ್ಣಿನ ಹಾಗೆ ಮಿಂಚುತ್ತಿದ್ದವು. ಅದರ ಮೇಲೆ ಇಪ್ಪತ್ತೈದರ ಒಬ್ಬ ಹೆಂಗಸು ಒಂದು ಕೈಯಲ್ಲಿ ಎಣ್ಣೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಚಿಂದಿ ಬಟ್ಟೆ ಹಿಡಿದು ಬೆರಗಾಗಿ ನಿಂತಿದ್ದಳು.

"ಇವತ್ತು ನನ್ನ ಸರದಿ," ಎಂದಳು, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ. "ದಿನಾ ಒಂದೊಂದು ಮನೆಯವರು ಎಣ್ಣೆ ಹಚ್ಚಬೇಕು. ಹಚ್ಚುತ್ತಿದ್ದ ಹಾಗೇ ಸರಪಳಿ ಅಲುಗಿತು. ನಾನು ಇಳಿಯೋದರೊಳಗೆ ತೆಪ್ಪ ಹೊರಟೇಬಿಡ್ತು."

"ಜ್ವರ?" ಎಂದ ಮೂಗಿಗೆ ಬಟ್ಟೆ ಕಟ್ಟಿಕೊಂಡವನೊಬ್ಬ.

"ಯಾವ ಜ್ವರ? ನಾನು ಹುಟ್ಟೋ ಮುಂಚೆ ಒಂದು ಬಂದಿತ್ತಂತೆ. ನಾಲ್ಕು ದಿನ ಇದ್ದು ಹೋಯ್ತಂತೆ."

ಒಗೆಯುವವಳು ನೀರಿಗಿಳಿದಿದ್ದಳು. "ಆ ಕಡೆ ಬಟ್ಟೆ ಒಗೆಯೋ ಅವ್ವ ಇದಾಳಲ್ಲ..."

"ಒಗೆಯೋ ಅಜ್ಜಿಯಾ? ಇದಾರೆ ಅಕ್ಕ. ಬಲಗೈ ಬಿದ್ದುಹೋಗಿದೆ. ಇಷ್ಟು ದಿನ ಎಡಗೈಯಲ್ಲೇ ಒಗೀತಿದ್ದರು, ಬೇಡ ಅಂದರೂ ಕೇಳ್ತಿರಲಿಲ್ಲ. ನಿನ್ನೆ ಸಂಜೆಯಿಂದ ಎದ್ದಿಲ್ಲ."

ಅವಳು ತೆಪ್ಪದ ಅಂಚು ಹಿಡಿದುಕೊಂಡಳು. ಆ ಹೆಂಗಸು ಅವಳ ರಟ್ಟೆ ಹಿಡಿದು ಮೇಲೆಳೆದುಕೊಂಡಳು. ಆಮೇಲೆ ದಂಡೆಯ ಜನರನ್ನೂ, ಹೊಳೆಯುವ ಯಂತ್ರವನ್ನೂ ನೋಡಿ ಮೆಲ್ಲಗೆ ಕೇಳಿದಳು:

"ನಿಮ್ಮ ಯಂತ್ರ ಕೆಟ್ಟುಹೋಗಿತ್ತು, ಅಲ್ವಾ? ನಮ್ಮ ಹಿರಿಯರು ಹಾಗೇ ಹೇಳ್ತಾರೆ. 'ಪಾಪ, ಅವರಿಗೆ ರಿಪೇರಿ ಮಾಡೋರು ಸಿಕ್ಕಿಲ್ಲ. ಸಿಕ್ಕಿದ ದಿನ ಎಳೆದೇ ಎಳೀತಾರೆ. ನಮ್ಮ ಕಡೆಯದು ಜಿಗುಟಾಗಬಾರದು, ಎಣ್ಣೆ ಹಾಕಿ' ಅಂತ."

ಮೂಗಿನ ಬಟ್ಟೆ ಬಿಚ್ಚಿದವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತರು.

"ಕೆಟ್ಟಿರಲಿಲ್ಲ," ಎಂದ ಬೆರಳಿನವನು. "ನಾವೇ ಬಿಚ್ಚಿದ್ವಿ."

ಆ ಹೆಂಗಸಿನ ಕೈಯಲ್ಲಿದ್ದ ಡಬ್ಬಿ ವಾಲಿ ಎಣ್ಣೆ ಹಲಗೆಯ ಮೇಲೆ ಹರಿಯಿತು. ಅವಳು ಅದನ್ನು ನೋಡಲಿಲ್ಲ.

"ಹಾಗಾದರೆ ನಾನು ಹೋಗಿ ಅವರಿಗೆ ಏನಂತ ಹೇಳಲಿ?"

"ನೀನು ಏನೂ ಹೇಳಬೇಡ ತಾಯಿ," ಎಂದಳು ಒಗೆಯುವವಳು. "ನಾನು ಬರ್ತಿದ್ದೀನಲ್ಲ. ನಾನೇ ಹೇಳ್ತೀನಿ."

ರೊಟ್ಟಿ ತಟ್ಟುವವಳು ಹಿಡಿಕೆ ಬಿಟ್ಟು ಬಂದು ತೆಪ್ಪ ಹತ್ತಿದಳು. ಅವಳ ಹಿಂದೆ ಇನ್ನಿಬ್ಬರು ಹತ್ತಿದರು. ಉಳಿದವರು ನಿಂತೇ ಇದ್ದರು. ಆ ದಡದವರು ಎಳೆಯತೊಡಗಿದ್ದರು. ಈ ಕಡೆಯ ತಡೆಗೂಟ ಬಿಡದೆ ಸರಪಳಿ ಬಿಗಿದು ನಡುಗಿತು. ಒಗೆಯುವವಳು ಬೆರಳಿನವನ ಕಡೆ ನೋಡಿ, "ಬರಲ್ವಾ ದೊಡ್ಡಯ್ಯ?" ಎಂದು ಕೇಳಿದಳು.

"ನಾನು ಬಂದರೆ ನಿಮ್ಮನ್ನು ವಾಪಸು ಕರೆಸಿಕೊಳ್ಳೋರು ಯಾರು?" ಎಂದ ಅವನು. ಬಾಗಿ, ಚಕ್ರದ ಹಲ್ಲಿಗೆ ಕಚ್ಚಿದ್ದ ತಡೆಗೂಟವನ್ನು ಎರಡೂ ಕೈಯಿಂದ ಎತ್ತಿದ.